ಬಿಲ್ಲಿನಲ್ಲಿ ಬರುವ ಇಂಗ್ಲಿಷ್ ಪದಗಳು



ಸಂಘದ ಪುಸ್ತಕವನ್ನು ನೀವು ಕನ್ನಡದಲ್ಲೇ ಬರೆಯುತ್ತೀರಿ. ಜಮೆ, ಖರ್ಚು, ಉಳಿತಾಯ, ಬಾಕಿ ಅಂದರೆ ಯಾರಿಗೂ ತೊಡಕಿಲ್ಲ. ಆದರೆ ಕರೆಂಟು ಬಿಲ್ಲು, ಪಾಸ್‌ಬುಕ್, ಮೈಕ್ರೋ ಫೈನಾನ್ಸಿನ ಸಾಲದ ಕಾರ್ಡು ಇವುಗಳಲ್ಲಿ ಇಂಗ್ಲಿಷ್ ಪದ ಕಂಡರೆ "ಮಗಳು ಬರಲಿ, ಓದಿ ಹೇಳ್ತಾಳೆ" ಅಂತ ಮಡಚಿ ಇಡುವವರೇ ಹೆಚ್ಚು. ಮಗಳು ಬರುವಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ. ಇಂಥ ಕೆಲವು ಪದಗಳನ್ನು ಈ ಸಲ ಕಲಿಯೋಣ.

ಮೊದಲು 'ಡ್ಯೂ'. ಡ್ಯೂ ಇದೆ ಅಂದ ಕೂಡಲೇ ಹೆದರಬೇಡಿ. ಈ ಸಲ ಕಟ್ಟಬೇಕಾದ ಹಣ, ಅಷ್ಟೇ. 'ಡ್ಯೂ ಡೇಟ್' ಅಂದರೆ ಕಟ್ಟಲು ಕೊನೆಯ ದಿನ. ಆ ದಿನ ದಾಟಿದರೆ ಅದೇ ಹಣ 'ಓವರ್‌ಡ್ಯೂ' ಆಗುತ್ತದೆ. ಕರೆಂಟು ಬಿಲ್ಲಿನಲ್ಲಿ ಹಿಂದಿನ ಬಾಕಿಗೆ 'ಅರಿಯರ್ಸ್' ಎನ್ನುತ್ತಾರೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತದೆ, ಹಾಗಾಗಿ ಬಿಲ್ಲನ್ನೇ ನೋಡದೆ ಬಿಡುವವರಿದ್ದಾರೆ. ನಮಗೆ ಗೊತ್ತು ಮಾಡಿದ ಯೂನಿಟ್‌ಗಿಂತ ಹೆಚ್ಚು ಉರಿಸಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆದ್ದರಿಂದ ಪ್ರತಿ ತಿಂಗಳೂ ನೋಡಿ.

'ಔಟ್‌ಸ್ಟ್ಯಾಂಡಿಂಗ್' ಬಹಳ ಮೋಸದ ಪದ. ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದರೆ ಸಿಹಿ ಹಂಚಬಹುದು, ಸಾಲದ ಕಾರ್ಡಿನಲ್ಲಿ ಇದ್ದರೆ ಇನ್ನೂ ತೀರದೆ ನಿಂತ ಸಾಲ! 'ಬ್ಯಾಲೆನ್ಸ್' ಕೂಡ ಹಾಗೆಯೇ. ಉಳಿತಾಯದ ಪಾಸ್‌ಬುಕ್ಕಿನಲ್ಲಿ ಅದು ನಿಮ್ಮ ಹಣ, ಸಾಲದ ಪುಸ್ತಕದಲ್ಲಿ ನೀವು ಕೊಡಬೇಕಾದದ್ದು.

ಒಂದು ಲೆಕ್ಕ ನೋಡಿ. ಕಾರ್ಡಿನಲ್ಲಿ ಡ್ಯೂ 1,650, ಓವರ್‌ಡ್ಯೂ 1,650, ಔಟ್‌ಸ್ಟ್ಯಾಂಡಿಂಗ್ 14,200 ಎಂದಿದೆ. ಕಳೆದ ತಿಂಗಳ ಕಂತು ತಪ್ಪಿದೆ. ಅದಕ್ಕೆ ದಂಡ ಹಾಕಿಲ್ಲವಾದರೆ ಈಗ ಕಟ್ಟಬೇಕಾದ್ದು ಎರಡು ಕಂತು, 3,300 ರೂಪಾಯಿ. 14,200 ಇನ್ನುಳಿದ ಒಟ್ಟು ಸಾಲ, ಅದನ್ನು ಇವತ್ತೇ ಕೊಡಬೇಕಾಗಿಲ್ಲ. ಈ ವ್ಯತ್ಯಾಸ ತಿಳಿಯದೆ ಓಲೆ ಅಡವಿಡಲು ಓಡಬೇಡಿ.

ಇನ್ನು ಮುಖ್ಯ ವಿಷಯ. ವಸೂಲಿಗೆ ಬಂದವರು, "ಅಕ್ಕಾ, 20,000 ಇದೆ, 12,000 ಕೊಡಿ, ಸೆಟಲ್ ಮಾಡಿ ಬಿಡ್ತೇವೆ" ಅನ್ನಬಹುದು. ಕೇಳಲು ಲಾಭ. ಆದರೆ ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಯಲ್ಲಿ 'ಸೆಟಲ್ಡ್' ಎಂದರೆ ಪೂರ್ತಿ ಕಟ್ಟಿಲ್ಲ, ಕಡಿಮೆಗೆ ಒಪ್ಪಿಕೊಂಡು ಮುಗಿಸಿದ್ದಾರೆ ಎಂದರ್ಥ. ಪೂರ್ತಿ ತೀರಿಸಿದ ಸಾಲಕ್ಕೆ 'ಕ್ಲೋಸ್ಡ್' ಎಂದು ಬರೆಯುತ್ತಾರೆ. ಮುಂದೆ ಮಗಳ ನರ್ಸಿಂಗ್ ಓದಿಗೆ ಸಾಲ ಕೇಳುವಾಗ ಈ ಒಂದು ಪದ ಅಡ್ಡ ಬರಬಹುದು. ನಿಜವಾಗಿಯೂ ಕಟ್ಟಲಾಗದ ಕಷ್ಟದಲ್ಲಿ ಸೆಟಲ್ ಮಾಡುವುದು ತಪ್ಪಲ್ಲ. ಆದರೆ ಅರ್ಥ ತಿಳಿದು ಮಾಡಿ, ಒಪ್ಪಂದವನ್ನು ಬರಹದಲ್ಲಿ ಪಡೆಯಿರಿ. ಸಾಲ ಪೂರ್ತಿ ತೀರಿದ ಮೇಲೆ 'ನೋ ಡ್ಯೂ' ಪತ್ರ ಕೇಳಿ ತೆಗೆದುಕೊಳ್ಳಿ.

'ರೈಟ್ ಆಫ್' ಎಂದರೆ ಮನ್ನಾ ಅಂತ ಹೇಳುವವರಿದ್ದಾರೆ. ಅಲ್ಲ. ಬ್ಯಾಂಕು ತನ್ನ ಲೆಕ್ಕದಲ್ಲಿ ಅದನ್ನು ನಷ್ಟವೆಂದು ತೆಗೆದಿಡುತ್ತದೆ, ನಿಮ್ಮ ಸಾಲ ಹಾಗೆಯೇ ಇರುತ್ತದೆ, ವಸೂಲಿಗೂ ಬರಬಹುದು. ಮನ್ನಾಕ್ಕೆ ಇಂಗ್ಲಿಷಿನಲ್ಲಿ 'ವೇವರ್' ಎನ್ನುತ್ತಾರೆ.

ಮಕ್ಕಳು ಕೇಳಿದರೆ ಹೇಳಲು ಎರಡು ನುಡಿಗಟ್ಟುಗಳೂ ಇರಲಿ. 'ಫುಟ್ ದ ಬಿಲ್' ಅಂದರೆ ಖರ್ಚನ್ನೆಲ್ಲ ತಾನೇ ಹೊರುವುದು. ಮದುವೆ ಮನೆಯಲ್ಲಿ ಅದನ್ನು ಯಾರು ಮಾಡುತ್ತಾರೆ ಅಂತ ನಿಮಗೇ ಗೊತ್ತು! 'ಇನ್ ದ ರೆಡ್' ಅಂದರೆ ಸಾಲದಲ್ಲಿರುವುದು. ಲೆಕ್ಕದಲ್ಲಿ ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿಯಿಂದ ಬಂದ ಮಾತು.

ಒಂದು ಹಕ್ಕನ್ನೂ ತಿಳಿದಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಮೈಕ್ರೋ ಫೈನಾನ್ಸ್ ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಅಂತ ಸಂಕೋಚವಿಲ್ಲದೆ ಕೇಳಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯಿಂದ ಒಂದು ಬಿಲ್ಲು ಅಥವಾ ಸಾಲದ ಕಾರ್ಡು ತನ್ನಿ. ಇಬ್ಬಿಬ್ಬರು ಕೂತು ಡ್ಯೂ, ಡ್ಯೂ ಡೇಟ್, ಓವರ್‌ಡ್ಯೂ, ಔಟ್‌ಸ್ಟ್ಯಾಂಡಿಂಗ್ ಎಲ್ಲಿವೆ ಅಂತ ಹುಡುಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆಯಿರಿ. ತಿಳಿಯದ ಪದವಿದ್ದರೆ ಪ್ರತಿನಿಧಿ ಬಳಿ ಬರೆಸಿ ಕಳಿಸಿ.