‘ಪಲ್ಲವಿ’ : ಒಂದು ಅಂಕಿತನಾಮದ ನಿಷ್ಪತ್ತಿ ಮತ್ತು ಅರ್ಥ

ಕನ್ನಡದ ಆಧುನಿಕ ಸ್ತ್ರೀನಾಮಗಳಲ್ಲಿ ಶ್ರುತಿ, ಸಂಗೀತಾ, ಪಲ್ಲವಿ ಮೊದಲಾದವನ್ನು ‘ಸಂಗೀತಮೂಲದ ಹೆಸರು’ಗಳೆಂದು ಒಟ್ಟಾಗಿ ವರ್ಗೀಕರಿಸುವುದುಂಟು. ಕಲ್ಯಾಣಿ, ಭೈರವಿಗಳನ್ನೂ ಇದೇ ಪಟ್ಟಿಗೆ ಸೇರಿಸುವುದು ಅವಸರದ ಕ್ರಮ; ಅವು ರಾಗನಾಮಗಳಷ್ಟೇ ಅಲ್ಲ, ದೇವೀನಾಮಗಳೂ ಹೌದು. ಪಲ್ಲವಿಗೆ ಅಂತಹ ದೈವತದ ಆಸರೆಯಿಲ್ಲ. ಆದ್ದರಿಂದಲೇ ಅದರ ಪರಿಶೀಲನೆ ಹೆಚ್ಚು ಫಲಕಾರಿ.

ಹೆಸರುಗಳ ಕೈಪಿಡಿಗಳು ಇದಕ್ಕೆ ‘ತಳಿರು’ ಎಂದು ಅರ್ಥ ಹೇಳಿ ಮುಗಿಸುತ್ತವೆ. ಆದರೆ ತಳಿರೆಂಬುದು ‘ಪಲ್ಲವ’ ಶಬ್ದದ ಅರ್ಥ. ತಳಿರುಳ್ಳದ್ದು ಎಂಬರ್ಥದ ‘ಪಲ್ಲವಿನ್’ ಶಬ್ದದ ಪ್ರಥಮಾ ಏಕವಚನ ‘ಪಲ್ಲವೀ’ ಎಂದಾಗುವುದು ನಿಜ. ಅದು ಪುಲ್ಲಿಂಗ, ಅರ್ಥ ಮರ! ಅದರ ಸ್ತ್ರೀರೂಪ ‘ಪಲ್ಲವಿನೀ’. ಹೀಗಿರುವಾಗ ಗೌರಿ, ದೇವಿ ಮುಂತಾದವುಗಳ ಸಾದೃಶ್ಯದಿಂದ ಇಕಾರಾಂತವು ಸ್ತ್ರೀವಾಚಕವೆಂಬ ಭಾವನೆ ಇಲ್ಲಿ ಕೆಲಸ ಮಾಡಿದೆಯೆನ್ನಬೇಕಾಗುತ್ತದೆ.

ಸಂಗೀತಪಾಠದಲ್ಲಿ ಮತ್ತೊಂದು ನಿರುಕ್ತಿ ಪ್ರಚಲಿತವಾಗಿದೆ: ಪದ, ಲಯ, ವಿನ್ಯಾಸಗಳ ಮೊದಲ ಅಕ್ಷರಗಳು ಸೇರಿ ಪಲ್ಲವಿ. ರಾಗ-ತಾನ-ಪಲ್ಲವಿಯ ಲಕ್ಷಣವನ್ನು ನೆನಪಿಡಲು ಇದು ಸೊಗಸಾದ ಸೂತ್ರ. ಶಬ್ದವ್ಯುತ್ಪತ್ತಿಯಾಗಿ ನಿಲ್ಲದು, ಲಕಾರದ ದ್ವಿತ್ವಕ್ಕೆ ಇದರಲ್ಲಿ ಸಮಾಧಾನವಿಲ್ಲ. ಪಾಠಹೇಳುವವರ ಜಾಣ್ಮೆಯನ್ನು ಭಾಷಾಚರಿತ್ರೆಯೆಂದು ಎಣಿಸಲಾಗದು.

ಕನ್ನಡ ಓದುಗರಿಗೆ ಪಲ್ಲವಿ ಪರಿಚಿತವಾದದ್ದು ಮುಖ್ಯವಾಗಿ ಕೀರ್ತನೆಯ ಮೂಲಕ. ಹರಿದಾಸರ ಹಾಡುಗಳ ಮುದ್ರಿತ ಸಂಕಲನಗಳಲ್ಲಿ ‘ಪ’, ‘ಅ.ಪ’ ಎಂಬ ಸಂಕೇತಗಳು ಎಲ್ಲರೂ ಕಂಡವೇ. ಚರಣ ಮುಗಿದೊಡನೆ ಹಾಡು ಪಲ್ಲವಿಗೆ ಮರಳುತ್ತದೆ. ಚಿಗುರುವುದು, ಮರಳಿ ಬರುವುದು ಎಂಬ ಎರಡು ಅರ್ಥಛಾಯೆಗಳು ಹೀಗೆ ಒಂದೇ ಶಬ್ದದಲ್ಲಿ ಕೂಡಿವೆ. ಪಿ. ಲಂಕೇಶರ ಚಿತ್ರ ‘ಪಲ್ಲವಿ’ (1976), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಈ ಶಬ್ದವನ್ನು ಸಂಗೀತವಲಯದ ಹೊರಗೂ ಕೇಳಿಸಿದವು. ಹೆಸರಿನ ಪ್ರಸಾರಕ್ಕೆ ಅವೇ ಕಾರಣವೆನ್ನುವುದು ಮಾತ್ರ ಅತಿವ್ಯಾಪ್ತಿ.

ಏಕೆಂದರೆ ಇದೇ ಹೆಸರು ಮರಾಠಿ, ಹಿಂದಿ ಪ್ರದೇಶಗಳಲ್ಲಿಯೂ ಇದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ಹಾಡಿನ ಮೊದಲ ಭಾಗ ‘ಸ್ಥಾಯಿ’. ಆದ್ದರಿಂದ ಅಲ್ಲಿ ಪಲ್ಲವಿಯೆಂದರೆ ತಳಿರೆಂಬ ಭಾವವೇ ಮುಂದಾಗಿರುವುದು ಸಹಜ. ಒಡಿಸ್ಸಿಯಲ್ಲಾದರೋ ಅದು ಶುದ್ಧನೃತ್ತದ ಒಂದು ಬಂಧ. ಶಬ್ದ ಒಂದೇ ಆದರೂ ನಾಮಕರಣದ ಪ್ರೇರಣೆ ಪ್ರದೇಶದಿಂದ ಪ್ರದೇಶಕ್ಕೆ, ಮನೆಯಿಂದ ಮನೆಗೆ ಬೇರೆ. ನಾಮಕೋಶಗಳು ಶಬ್ದಾರ್ಥವನ್ನೂ ಹೆಸರಿಟ್ಟವರ ಆಶಯವನ್ನೂ ಎರಡು ಪ್ರತ್ಯೇಕ ನಮೂದುಗಳಾಗಿ ಕೊಡಬೇಕು. ಅನುಪಲ್ಲವಿಯನ್ನು ಯಾರೂ ಮಗಳಿಗೆ ಸುಲಭವಾಗಿ ಇಡದಿರುವುದೇಕೆಂಬ ಪ್ರಶ್ನೆಗೂ ಉತ್ತರ ಸಿಗುವುದು ಆ ಎರಡನೆಯ ನಮೂದಿನಲ್ಲಿಯೇ.