ಸೋಮವಾರದ ಕಾಯಿಲೆ

"ಅಷ್ಟರಲ್ಲಿ ಆನ್ ಆಯ್ತು ಸಾರ್, ಬರಬೇಡಿ." ಆ ಚಳಿಗಾಲದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಕುವೆಂಪುನಗರದಿಂದ ಸ್ಕೂಟರ್ ಹತ್ತಿ ಅರ್ಧ ದಾರಿಗೆ ಬಂದಿರುತ್ತಿದ್ದೆ, ಫೋನು ಬರುತ್ತಿತ್ತು. ಮೈಸೂರಿನ ಚಾಮರಾಜಪುರಂನಲ್ಲಿ ಕೋರ್ಟಿಗೆ ಹತ್ತಿರದ ಒಂದು ಡಿಟಿಪಿ ಅಂಗಡಿ. ವಕಾಲತ್ತು, ಅಫಿಡವಿಟ್, ಬಾಡಿಗೆ ಕರಾರು ಟೈಪ್ ಮಾಡಿಕೊಡುವ ಅಕ್ಕ ಒಬ್ಬರೇ ಅದನ್ನು ನಡೆಸುತ್ತಾರೆ. ಗಿರಾಕಿಗಳ ಪೆನ್‌ಡ್ರೈವ್‌ನಿಂದ ಬರುವ ವೈರಸ್ ಕಾಟ ತಾಳಲಾರದೆ ಅವರ ಕಂಪ್ಯೂಟರಿಗೆ ಉಬುಂಟು ಹಾಕಿಕೊಟ್ಟವನು ನಾನೇ. ಹಾಗಾಗಿ ಅದು ಕೈಕೊಟ್ಟರೆ ಬೈಸಿಕೊಳ್ಳಬೇಕಾದವನೂ ನಾನೇ.

ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಪರದೆಯ ಮೇಲೆ ಒಂದಷ್ಟು ಸಾಲು ಓಡುತ್ತಿದ್ದವು, ಆಮೇಲೆ ನಿಂತುಬಿಡುತ್ತಿತ್ತು. 90 ಸೆಕೆಂಡ್ ಕಾದರೆ ಎಮರ್ಜೆನ್ಸಿ ಮೋಡ್. ಆರಿಸಿ ಹಾಕಿದರೆ ಮತ್ತೆ ಅದೇ. ಮೂರನೆಯದೋ ನಾಲ್ಕನೆಯದೋ ಸಲ ಏನೂ ಆಗೇ ಇಲ್ಲವೆಂಬಂತೆ ಎದ್ದು ಕೂರುತ್ತಿತ್ತು. ಆಮೇಲೆ ವಾರವಿಡೀ ತಂಟೆಯಿಲ್ಲ.

ಅಕ್ಕನ ಹತ್ತಿರ ಕಾರಣ ಸಿದ್ಧವಿತ್ತು. "ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ ಅಲ್ವಾ ಸಾರ್. ಒಂಬತ್ತಾದ ಮೇಲೆ ಹಾಕಿದ್ರೆ ಒಂದೇ ಸಲಕ್ಕೆ ಬರುತ್ತೆ, ನೀವೇ ನೋಡಿ." ನಾನು ನಕ್ಕುಬಿಟ್ಟೆ.

ನಕ್ಕು, ರಿಪೇರಿಯವರು ಮಾಡುವುದನ್ನೇ ಮಾಡಿದೆ. ರ‍್ಯಾಮ್ ಕಿತ್ತು ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಡಿಸ್ಕಿನ ಕೇಬಲ್ ಬದಲಿಸಿದೆ. ಧೂಳು ಊದಿದೆ. ಪ್ರತಿ ಸಲವೂ ಯಂತ್ರ ಸರಿಹೋಯಿತು. ಅಸಲಿಗೆ ನಾನು ಮುಟ್ಟುವ ಮೊದಲೇ ಸರಿಹೋಗಿರುತ್ತಿತ್ತು. ಮೊದಲ ಸಲ ಮುನ್ನೂರು ರೂಪಾಯಿ ಇಸಿದುಕೊಂಡಿದ್ದೂ ಉಂಟು, ಈಗ ನೆನೆದರೆ ನಾಚಿಕೆ.

ಪಿಸಿಗೆ ಎದ್ದ ಕೂಡಲೇ ತನ್ನ ಮೈಯನ್ನು ತಾನೇ ತಟ್ಟಿ ನೋಡಿಕೊಳ್ಳುವ ಅಭ್ಯಾಸವಿದೆ. 1981ರ ಐಬಿಎಂ ಪಿಸಿಯಲ್ಲೂ ಈ 'ಪೋಸ್ಟ್' ತಪಾಸಣೆ ಇತ್ತು; ಎಲ್ಲ ಸರಿಯಿದ್ದರೆ ಒಂದು ಸಣ್ಣ ಬೀಪ್. ಆದರೆ ಇವತ್ತು ಕಂಡದ್ದನ್ನು ಅದು ನಾಳೆಗೆ ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಒಂದು ದಿನಚರಿ. ಬೂಟ್ ಆದಾಗಲೆಲ್ಲ ತಾನಾಗಿ ಓಡುವ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಹೊತ್ತು ಎಷ್ಟು, ರ‍್ಯಾಮ್ ಎಷ್ಟು ಕಂಡಿತು, ಯಾವ ಡಿಸ್ಕ್‌ಗಳು ಸಿಕ್ಕವು, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ 'ಸ್ಮಾರ್ಟ್' ಅಂಕಿಗಳೇನು, ಇಷ್ಟನ್ನು ಒಂದು ಫೈಲಿಗೆ ಸೇರಿಸಿ ಸುಮ್ಮನಾಗುವುದು ಅದರ ಕೆಲಸ.

ಎರಡು ಸೋಮವಾರ ಕಳೆದವು. ಕೆಟ್ಟ ಬೂಟ್‌ಗಳ ಒಂದೇ ಒಂದು ದಾಖಲೆಯೂ ಇಲ್ಲ! ಆ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್. ಉಬುಂಟು ಇರುವುದು ಎಸ್‌ಎಸ್‌ಡಿಯಲ್ಲಿ, ಅಂಗಡಿಯ ಕಾಗದಪತ್ರವೆಲ್ಲ ತಿರುಗುವ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ. ನನ್ನ ದಿನಚರಿಯನ್ನೂ ಜಾಣತನದಿಂದ ಆ ಹಾರ್ಡ್‌ಡಿಸ್ಕ್‌ಗೇ ಬರೆಸಿದ್ದೆ. ಬೆಳಗ್ಗೆ ಎದ್ದು ಬಾರದಿದ್ದದ್ದು ಅದೇ ಡಿಸ್ಕ್. ಕಳ್ಳನ ಮನೆಯಲ್ಲೇ ದೂರಿನ ಪುಸ್ತಕ ಇಟ್ಟ ಹಾಗಾಗಿತ್ತು.

ಫೈಲನ್ನು ಎಸ್‌ಎಸ್‌ಡಿಗೆ ತಂದು, ಹಾರ್ಡ್‌ಡಿಸ್ಕ್‌ಗೆ ಕಾಯದೆ ಮೊದಲೇ ಓಡುವಂತೆ ಸ್ಕ್ರಿಪ್ಟ್ ತಿದ್ದಿದೆ. ಮುಂದಿನ ವಾರ ದಾಖಲೆ ಸಿಕ್ಕಿತು. ಆದರೆ ಹಾರ್ಡ್‌ಡಿಸ್ಕ್ ಕಾಣದ ಮೂರು ಬೂಟ್‌ಗಳು ನಡೆದದ್ದು ಶನಿವಾರ ರಾತ್ರಿ ಎಂದು ಅದರಲ್ಲಿತ್ತು, 7:42, 7:45, 7:48. ಆ ಹೊತ್ತಿಗೆ ಅಕ್ಕ ಬಾಗಿಲು ಹಾಕಿ ಬಸ್ ಸ್ಟಾಪಿನಲ್ಲಿರುತ್ತಾರೆ. ಹಾಗಿದ್ದರೆ ಆನ್ ಮಾಡಿದವರು ಯಾರು? ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು.

ಮದರ್‌ಬೋರ್ಡ್ ಮೇಲೆ ಬಿಲ್ಲೆಯಂತಹ ಒಂದು ಸೆಲ್ ಇರುತ್ತದಲ್ಲ, ಸಿಆರ್2032, ಅದರ ವೋಲ್ಟೇಜ್ 3 ಇರಬೇಕು. ಮೀಟರ್ ಹಚ್ಚಿದರೆ 2.2. ಕರೆಂಟ್ ಪೂರ್ತಿ ತೆಗೆದರೆ ಗಡಿಯಾರಕ್ಕೆ ಹೊತ್ತು ಮರೆತುಹೋಗುತ್ತಿತ್ತು. ಗಡಿಯಾರ ತೀರ ಹಿಂದಿದ್ದರೆ ಉಬುಂಟು, ತಾನು ಕೊನೆಗೆ ಉಳಿಸಿಟ್ಟ ಹೊತ್ತಿನಿಂದಲೇ ಎಣಿಸಲು ಶುರುಮಾಡುತ್ತದೆ. ಇಂಟರ್ನೆಟ್ ಸಿಕ್ಕ ಮೇಲಷ್ಟೇ ಸರಿಯಾದ ಹೊತ್ತು. ಆ ಶನಿವಾರ ರಾತ್ರಿಗಳೆಲ್ಲ ನಿಜವಾಗಿ ಸೋಮವಾರ ಬೆಳಗುಗಳು. ಅಕ್ಕ ಹೇಳಿದ್ದ ವಾರ ಸರಿಯಾಗಿತ್ತು.

ಸೆಲ್ ಬದಲಿಸಿ ಅಕ್ಕನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಶನಿವಾರ ಏನೇನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿದೆ. ಮೂರು ತಿಂಗಳ ಹಿಂದೆಯೇ ಕೇಳಬೇಕಿತ್ತು. ವಾರದ ದಿನಗಳಲ್ಲಿ ಕಂಪ್ಯೂಟರ್ ಆರಿಸಿದರೂ ಯುಪಿಎಸ್ ಆನ್ ಇರುತ್ತದಂತೆ. ಭಾನುವಾರ ರಜೆಯಾದ್ದರಿಂದ ಶನಿವಾರ ಮಾತ್ರ ಮೇನ್ ಸ್ವಿಚ್ಚನ್ನೇ ತೆಗೆಯುತ್ತಾರೆ. ಸೋಮವಾರ ಬೆಳಗ್ಗೆ ಎಂಟೂವರೆಗೆ ಬಂದು ಮೇನ್ ಹಾಕುತ್ತಾರೆ. ಗಿರಾಕಿ ಕಾದಿದ್ದರೆ ಆಗಲೇ ಬಟನ್ ಒತ್ತುತ್ತಾರೆ, ಇಲ್ಲವಾದರೆ ಗುಡಿಸಿ, ದೀಪ ಹಚ್ಚಿ, ಒಂಬತ್ತು ದಾಟಿದ ಮೇಲೆ.

ಹಾರ್ಡ್‌ಡಿಸ್ಕ್‌ನ 'ಸ್ಪಿನ್ ರೀಟ್ರೈ ಕೌಂಟ್' ಸೊನ್ನೆಯಲ್ಲೇ ಇರಬೇಕಾದ ಅಂಕಿ, ತಿರುಗಲು ಹೋಗಿ ಸೋತ ಲೆಕ್ಕ. ನನ್ನ ದಿನಚರಿಯಲ್ಲಿ ಅದು ಸೋಮವಾರಗಳಂದು ಮಾತ್ರ ಏರಿತ್ತು. ನಿಂತ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್ ತಂತಿಯಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಮ್ಮೆ ತಿರುಗಿತೆಂದರೆ ಅಷ್ಟು ಬೇಡ. ಅನುಮಾನ ಎಸ್‌ಎಂಪಿಎಸ್ ಕಡೆ, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿಯ ಕಡೆ ತಿರುಗಿತು. ಬಿಚ್ಚಿ ನೋಡಿದರೆ ಎರಡು ಕೆಪಾಸಿಟರ್‌ಗಳ ನೆತ್ತಿ ಉಬ್ಬಿ ಗುಮ್ಮಟದಂತಾಗಿತ್ತು. (ನೀವು ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.) ಮುದಿಯಾದ ಇಂಥ ಕೆಪಾಸಿಟರ್‌ಗೆ ಚಳಿ ಆಗದು. ಧನುರ್ಮಾಸದ ಮೈಸೂರಿನಲ್ಲಿ ಎರಡು ರಾತ್ರಿ ಕರೆಂಟಿಲ್ಲದೆ ತಣ್ಣಗೆ ಬಿದ್ದಿದ್ದರೆ ಒಂದೇ ಏಟಿಗೆ ಅಷ್ಟು ಆಂಪಿಯರ್ ಕೊಡಲಾರದು. ಅರ್ಧ ಗಂಟೆ ಮೇನ್ ಆನ್ ಇದ್ದರೆ ಒಳಗೆ ಹರಿಯುವ ಸ್ಟ್ಯಾಂಡ್‌ಬೈ ಕರೆಂಟಿಗೆ ಮೈ ಬಿಸಿಯಾಗುತ್ತದೆ. ರಾಹುಕಾಲ ಕಳೆಯುವುದಕ್ಕೂ ಅದಕ್ಕೂ ಸರಿಹೋಗುತ್ತಿತ್ತು.

ಸಂತೇಪೇಟೆಯಿಂದ ಹೊಸ ಎಸ್‌ಎಂಪಿಎಸ್ ತಂದು ಹಾಕಿದೆ. ಡಿಸ್ಕ್ ಹಳೆಯದೇ. ಆಮೇಲೆ ಮೂರು ಸೋಮವಾರ ಬೇಕೆಂದೇ ಎಂಟೂವರೆಗೆ ಹೋಗಿ, ಮೇನ್ ಹಾಕಿದ ತಕ್ಷಣ ಬಟನ್ ಒತ್ತಿದೆ. ಮೂರೂ ಸಲ ಮೊದಲ ಯತ್ನಕ್ಕೇ ಎದ್ದಿತು, ಸ್ಪಿನ್ ರೀಟ್ರೈ ಅಂಕಿ ಇದ್ದಲ್ಲೇ ಇತ್ತು. ಮುನ್ನೂರು ರೂಪಾಯಿಯನ್ನು ಬಿಲ್ಲಿನಲ್ಲಿ ಮುರಿದುಕೊಂಡೆ.

ನಿಮ್ಮ ಕಂಪ್ಯೂಟರೂ ಒಮ್ಮೊಮ್ಮೆ ಹೀಗೆ ಹಟ ಮಾಡುತ್ತಿದ್ದರೆ, ರಿಪೇರಿಯವನಿಗೆ ಫೋನ್ ಮಾಡುವ ಮೊದಲು ಒಂದು ಚೀಟಿಯಲ್ಲಿ ವಾರ, ಗಂಟೆ, ಹಿಂದಿನ ರಾತ್ರಿ ಯಾವ ಸ್ವಿಚ್ ತೆಗೆದಿದ್ದಿರಿ ಎಂಬುದನ್ನು ಬರೆದಿಡಿ. ಅವನು ನಕ್ಕರೂ ಆ ಚೀಟಿಯನ್ನು ಅವನ ಕೈಗೆ ಕೊಡಿ.