ಬ್ರೋಷರ್ ಮಡಚಿಟ್ಟು ವಾರ್ಡಿಗೆ ಹೋಗು

ಆಂಕಾಲಜಿ ನರ್ಸಿಂಗ್ ಓದಬೇಕು ಅಂತೀಯ, ಒಳ್ಳೆಯದು ಮಗಳೇ. ಮುಂದೆ ಪಾಠ ಹೇಳುವ ಆಸೆಯಿದ್ದರೆ 2 ವರ್ಷದ ಎಂಎಸ್ಸಿಗೆ ಹೋಗು. ರೋಗಿಯ ಮಂಚದ ಪಕ್ಕದಲ್ಲೇ ಇರುತ್ತೇನೆ ಅಂದರೆ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಸಾಕು. ಅದರಲ್ಲಿ ತರಗತಿಗಿಂತ ವಾರ್ಡಿನ ಕೆಲಸವೇ ಹೆಚ್ಚು. ನರ್ಸಿಂಗ್ ಕೌನ್ಸಿಲ್ ಒಪ್ಪಿಗೆ ಇದೇ ಕೋರ್ಸಿಗೆ, ನೀನು ಸೇರುವ ವರ್ಷಕ್ಕೆ ಇದೆಯಾ ಅಂತ ಮೊದಲೇ ನೋಡಿಕೋ. ಕಾಲೇಜಿಗೆ ಹೆಸರಿದೆ ಅಂದಮಾತ್ರಕ್ಕೆ ಕೋರ್ಸಿಗೆ ಮಾನ್ಯತೆ ಇದೆ ಅಂತಲ್ಲ.

ಆಮೇಲೆ ಅನುಮತಿ ಕೇಳಿ ಒಂದು ಬೆಳಿಗ್ಗೆ ಆ ಕಾಲೇಜಿನ ಆಸ್ಪತ್ರೆಯ ಡೇ ಕೇರ್ ಕೀಮೋ ವಾರ್ಡಿನಲ್ಲಿ ನಿಂತು ನೋಡು. ಔಷಧಿ ಬೆರೆಸುವುದು ಬಯೋಸೇಫ್ಟಿ ಕ್ಯಾಬಿನೆಟ್ಟಿನಲ್ಲೋ, ಕೈ ತೊಳೆಯುವ ಸಿಂಕಿನ ಪಕ್ಕದ ಮೇಜಿನ ಮೇಲೋ? ಡಾಕ್ಸೊರುಬಿಸಿನ್ ಅನ್ನುವ ಆ ಕೆಂಪು ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಎಲ್ಲ ಸುಟ್ಟುಹೋಗುತ್ತದೆ. ಅದನ್ನು ಕೊಡುವ ಸಿಸ್ಟರ್ ನಡುನಡುವೆ ರಕ್ತ ಹಿಂದಕ್ಕೆ ಬರುತ್ತದಾ ಅಂತ ಎಳೆದು ನೋಡುತ್ತಾಳಾ? ರೋಗಿಯ ಹೆಸರು, ಡೋಸು ಇಬ್ಬರು ಕೂಡಿ ಗಟ್ಟಿಯಾಗಿ ಓದಿ ತಾಳೆ ನೋಡುತ್ತಾರಾ? ವಿನ್‌ಕ್ರಿಸ್ಟಿನ್ ಸಿರಿಂಜಿನಲ್ಲಿ ಬರುತ್ತದೋ, ಚಿಕ್ಕ ಡ್ರಿಪ್ ಬ್ಯಾಗಿನಲ್ಲೋ, ಅದನ್ನೂ ಗಮನಿಸು. ತಪ್ಪಿ ಬೆನ್ನುಹುರಿಯ ನೀರಿಗೆ ಸೇರಿದರೆ ಜೀವವೇ ಹೋಗುವ ಔಷಧಿ ಅದು. ಬ್ಯಾಗಿನಲ್ಲಿದ್ದರೆ ಆ ಅನಾಹುತದ ಸಾಧ್ಯತೆ ತೀರಾ ಕಡಿಮೆ. ಇಷ್ಟು ಸಣ್ಣ ವಿಷಯದಲ್ಲಿ ಎಚ್ಚರವಿರುವ ಕಡೆ ಪಾಠವೂ ಚೆನ್ನಾಗಿಯೇ ಇರುತ್ತದೆ ಅಂತ ನನ್ನ ನಂಬಿಕೆ.

ಪ್ರಿನ್ಸಿಪಾಲರನ್ನು ಬಿಡು, ಈಗ ಓದುತ್ತಿರುವ ಹುಡುಗಿಯರನ್ನು ಕ್ಯಾಂಟೀನಿನಲ್ಲಿ ಮಾತಾಡಿಸು. ‘ಕೀಮೋ ಪೋರ್ಟಿಗೆ ನೀವೇ ಸೂಜಿ ಹಾಕಿದ್ದೀರಾ, ಬರೀ ನೋಡಿದ್ದೀರಾ? ಕೀಮೋ ಆದವರಿಗೆ ರಾತ್ರಿ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗುತ್ತದಾ?’ ಅಂತ ಕೇಳು. ಪಾಳಿಯ ಲೆಕ್ಕವನ್ನೂ ಕೇಳು. ಸ್ಟಾಫ್ ಕೊರತೆ ತುಂಬಿಸಿಕೊಳ್ಳಲೆಂದೇ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಜಾಗಗಳೂ ಇವೆ. ಅಲ್ಲಿ ವರ್ಷಪೂರ್ತಿ ಬಿ.ಪಿ. ನೋಡಿಕೊಂಡೇ ಕಳೆಯಬೇಕಾಗುತ್ತದೆ.

ಒಂದೇ ಬಗೆಯ ರೋಗಿಗಳು ಬರುವ ಕಡೆ ಕಲಿಕೆ ಅರ್ಧವೇ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ನಾಡಿನ ಮೂಲೆಮೂಲೆಯಿಂದ, ಹೊರರಾಜ್ಯಗಳಿಂದಲೂ ಜನ ಬರುತ್ತಾರೆ; ಬಾಯಿ, ಗರ್ಭಕಂಠ, ಸ್ತನ, ಮಕ್ಕಳ ರಕ್ತದ ಕ್ಯಾನ್ಸರ್ ಎಲ್ಲ ಕಣ್ಣೆದುರಿಗೇ ಇರುತ್ತವೆ. ವಾಸಿಯಾಗದವರ ಆರೈಕೆಗೆ ಪೋಸ್ಟಿಂಗ್ ಹಾಕುತ್ತಾರಾ ಅಂತ ತಪ್ಪದೆ ಕೇಳು. ಕರುಣಾಶ್ರಯದಂಥ ಆರೈಕೆ ಕೇಂದ್ರದಲ್ಲಿ ಸ್ವಲ್ಪ ದಿನ ಇದ್ದರೆ ಮಾರ್ಫಿನ್ ಬಗೆಗಿನ ಹೆದರಿಕೆ ಹೋಗುತ್ತದೆ, ನೋವನ್ನು ಅಳೆಯುವುದೂ ಗೊತ್ತಾಗುತ್ತದೆ.

ಬಾಂಡ್ ಎಷ್ಟು ವರ್ಷ ಅನ್ನುವುದನ್ನು ಬರೆಸಿಕೊಂಡೇ ಸಹಿ ಹಾಕು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಜೆರಾಕ್ಸ್ ಕೊಟ್ಟು, ಒರಿಜಿನಲ್ ತೋರಿಸಿ ವಾಪಸ್ ತೆಗೆದುಕೋ. ಒಪ್ಪದಿದ್ದರೆ ಬೇರೆ ಕಾಲೇಜು ನೋಡೋಣ, ನಾನೂ ಜೊತೆಗೆ ಬರುತ್ತೇನೆ.